ಶನಿವಾರದ ಕಂತು

ಇವತ್ತು ಬೆಳಿಗ್ಗೆ ಜೇವರ್ಗಿಯ ನಮ್ಮ ಪಕ್ಕದ ಮನೆಯಲ್ಲಿ ಕೂಸಿಗೆ ಎರೆದು ಲೋಬಾನದ ಹೊಗೆ ಹಾಕಿದರು. ವಾಸನೆ ಗೋಡೆ ದಾಟಿ ನಮ್ಮ ಅಡುಗೆಮನೆಗೆ ಬಂತು. ರೊಟ್ಟಿ ತಟ್ಟುವುದನ್ನು ಬಿಟ್ಟು ಕೂತುಬಿಟ್ಟೆ. ಹಂಚಿನ ಮೇಲಿದ್ದದ್ದು ಕರ್ರಗಾಯಿತು.

ಆಳಂದದಲ್ಲಿದ್ದಾಗ ನನ್ನ ಮಗಳಿಗೆ ಎರೆದು ಹೀಗೇ ಹೊಗೆ ಹಾಕುತ್ತಿದ್ದವರು ಎದುರುಮನೆಯ ಖಾಲಾ, ಓಣಿಗೆಲ್ಲ ಚಿಕ್ಕಮ್ಮ. ನನಗೆ ತಾಯಿ ಇರಲಿಲ್ಲ. ಕೂಸಿನ ಕುತ್ತಿಗೆ ಹಿಡಿಯಲೂ ಬರುತ್ತಿರಲಿಲ್ಲ. ಖಾಲಾ ಬಚ್ಚಲಲ್ಲಿ ಕಾಲು ಚಾಚಿ ಕೂತು, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ನೀರು ಹಾಕುತ್ತ, ಹಿಂದಿನ ಸಂಜೆಯ ಧಾರಾವಾಹಿಯ ಮಾತು ತೆಗೆಯುತ್ತಿದ್ದರು. ಒಬ್ಬನನ್ನೇ ಪ್ರೀತಿಸಿ, ಮುನಿಸಿಕೊಂಡು, ದೂರದೂರದಲ್ಲೇ ತಲೆ ನರೆತ ಇಬ್ಬರು ಗೆಳತಿಯರ ಕಥೆ ಅದು. ಅದು ಶುರುವಾಯಿತೆಂದರೆ ಖಾಲಾಗೆ ಕೈಯಲ್ಲಿನ ಚಹಾ ಆರಿದರೂ ತಿಳಿಯುತ್ತಿರಲಿಲ್ಲ.

ಅವರಿಗೂ ಅಫಜಲಪುರದಲ್ಲಿ ಒಬ್ಬ ಗೆಳತಿ ಇದ್ದರು. ಆ ಗೆಳತಿ ತಮ್ಮ ಮಗಳ ಮದುವೆ ಪತ್ರಿಕೆಯನ್ನು ತಾವೇ ಬಂದು ಕೊಡದೆ ಬೇರೆಯವರ ಕೈಲಿ ಕಳಿಸಿದರೆಂದು ಖಾಲಾ ಮದುವೆಗೆ ಹೋಗಿರಲಿಲ್ಲ. ಅಷ್ಟಕ್ಕೇ ಹನ್ನೆರಡು ವರ್ಷ ಮಾತಿಲ್ಲ... ಈಗ ಆ ಗೆಳತಿ ಹಾಸಿಗೆ ಹಿಡಿದಿದ್ದಾರೆಂದು ಸುದ್ದಿ ಬಂದಿತ್ತು. ಹೋಗಿ ಬನ್ನಿ ಎಂದರೆ ಅದೇ ಹಟ.

“ಟೀವ್ಯಾಗ ಅವ್ರಿಬ್ರೂ ಮಾತಾಡ್ಲಿ ಬೇಟಿ, ನಾನೂ ಬಸ್ ಹತ್ತೇನಿ.”

ಆ ಶನಿವಾರ ಸಂಜೆ ಕರೆಂಟು ಹೋಯಿತು. ಅಂಥ ದಿನದ ಕಂತನ್ನು ನಾನು ಮೊಬೈಲಿನಲ್ಲಿ ನೋಡಿ ಮರುದಿನ ಬಚ್ಚಲಲ್ಲಿ ಹೇಳುವುದು ನಮ್ಮ ರೂಢಿ. ನೋಡಿದೆ. ಗೆಳತಿಯರಿಬ್ಬರೂ ತಬ್ಬಿಕೊಂಡು ಅತ್ತರು. ನನಗೆ ಮಾತ್ರ ಹೆದರಿಕೆಯಾಯಿತು. ಖಾಲಾ ಹೋದರೆ ಒಂದು ವಾರ ಬರುವುದಿಲ್ಲ, ಕೂಸಿಗೆ ಎರೆಯುವವರು ಯಾರು?

ಬೆಳಿಗ್ಗೆ ಬಂದವರೇ ಕೇಳಿದರು, “ಏನಾತು, ಮಾತಾಡಿದ್ರೇನು?”

“ಇಲ್ರಿ ಖಾಲಾ. ಬಾಗಲತನಾ ಬಂದು ಹೊಳ್ಳಿ ಹೋದ್ಳು.”

ಖಾಲಾ ಕೂಸಿನ ತಲೆ ಒರೆಸಿದರು. ಭಾನುವಾರ ಧಾರಾವಾಹಿ ಇಲ್ಲ, ಸೋಮವಾರ ತಾವೇ ನೋಡಿ ತಿಳಿಯುತ್ತಾರೆ, ಅಷ್ಟರಲ್ಲಿ ಏನು ಮುಳುಗಿಹೋಗುತ್ತದೆ ಎಂದುಕೊಂಡೆ. ನನ್ನ ಬುದ್ಧಿಗಿಷ್ಟು... ಸೋಮವಾರ ಮಧ್ಯಾಹ್ನ ಅಫಜಲಪುರದಿಂದ ಫೋನು ಬಂತು. ಗೆಳತಿ ಆಗತಾನೇ ತೀರಿಕೊಂಡಿದ್ದರು. ಭಾನುವಾರ ಸಂಜೆಯವರೆಗೂ ಖಾಲಾನ ಹೆಸರು ಹಿಡಿದು ಬಂದಳೇನು ಎಂದು ಕೇಳುತ್ತಿದ್ದರಂತೆ.

ಖಾಲಾ ಅಲ್ಲಿದ್ದ ಆರು ದಿನ ಕೂಸಿಗೆ ನಾನೇ ಎರೆದೆ. ಏನೂ ಆಗಲಿಲ್ಲ. ಮಿಂದು, ಹಾಲು ಕುಡಿದು, ಮಲಗಿತು. ಅಷ್ಟು ಸುಲಭದ ಕೆಲಸಕ್ಕೆ ನಾನು ಆ ಸುಳ್ಳು ಹೇಳಿದ್ದೆ.

ವಾಪಸು ಬಂದವರು ಬಚ್ಚಲಲ್ಲಿ ಕೂತು, ಟೀವಿಯ ಗೆಳತಿಯರು ಯಾವತ್ತು ಮಾತಾಡಿದರು ಎಂದು ಕೇಳಿದರು. ಸೋಮವಾರ ಎಂದೆ. ಮತ್ತೊಂದು ಸುಳ್ಳು.

“ಎರಡು ದಿನ ಮೊದ್ಲ ಮಾತಾಡಿದ್ರ ಏನಾಗ್ತಿತ್ತು ಅವ್ರಿಗೆ,” ಎಂದು ಚೊಂಬು ಎತ್ತಿಕೊಂಡರು. ಆಮೇಲೆ ಆ ಧಾರಾವಾಹಿಯನ್ನು ಅವರು ನೋಡಲಿಲ್ಲ.

ಖಾಲಾ ತೀರಿಹೋಗಿ ಮೂರು ವರ್ಷವಾಯಿತು. ಅವರಿದ್ದಾಗ, ಇಲ್ಲಿಂದ ಪ್ರತಿ ಸಲ ಆಳಂದಕ್ಕೆ ಹೋದಾಗಲೂ ಹೇಳಿಬಿಡಬೇಕೆಂದು ಹೋಗಿ, ಅವರು ಕೊಟ್ಟ ಚಹಾ ಕುಡಿದು ಬರುತ್ತಿದ್ದೆ. ಇವತ್ತು ಹೊಗೆ ಕರಗಿ ಪಕ್ಕದ ಮನೆ ಸದ್ದಡಗಿದ ಮೇಲೆ, ಕರಕಲು ರೊಟ್ಟಿ ಕೈಯಲ್ಲಿ ಹಿಡಿದು, ಯಾರೂ ಇಲ್ಲದ ಅಡುಗೆಮನೆಯಲ್ಲಿ ಬಾಯಿಬಿಟ್ಟು ಹೇಳಿದೆ.

“ಶನಿವಾರನ ಮಾತಾಡಿದ್ರು, ಖಾಲಾ.”