ಹೊಳ್ಳಿಸಿ ನೋಡುವ ಕೈ

ಬಿಜ್ಜರಗಿಯಲ್ಲಿ ನಮ್ಮ ಪಕ್ಕದ ದ್ರಾಕ್ಷಿ ತೋಟದವರು ಮಾತಾಡುತ್ತಲೇ ಕೈಗೆ ಸಿಕ್ಕ ಎಲೆಯನ್ನು ಮಗುಚಿ ನೋಡುತ್ತಿದ್ದರು. ದಾವಣಿ ರೋಗದ ಬಿಳಿ ಬೂಷ್ಟು ಹಿಡಿಯುವುದು ಎಲೆಯ ಅಡಿಗೆ. “ಮ್ಯಾಲೆ ಎಲ್ಲಾ ಚೊಲೋನ ಕಾಣತೈತ್ರಿ, ಹೊಳ್ಳಿಸಿ ನೋಡಬೇಕು” ಎನ್ನುವುದು ಅವರ ಮಾತು. ಮದುವೆ ಮನೆಯ ಮಾವಿನ ತೋರಣವನ್ನೂ ಅವರು ಬಿಟ್ಟವರಲ್ಲ.

ಬೆಳೆಗಾರರ ತಂಡದೊಂದಿಗೆ ನಾವಿಬ್ಬರೂ ಸ್ಪೇನಿಗೆ ಹೊರಟಾಗ ಅವರ ಹೆಂಡತಿ, “ಅಲ್ಲೆರ ನಾಕ ದಿನಾ ಆರಾಮ ಇದ್ದ ಬರ್ರಿ” ಎಂದು ಕಳಿಸಿದ್ದರು.

ಆರನೆಯ ದಿನ ಕಾಲೆಳೆದುಕೊಂಡು ಒಂದು ಮ್ಯೂಸಿಯಂ ಹೊಕ್ಕೆವು. ಕನಸಿನಲ್ಲಿ ಕಂಡದ್ದನ್ನೇ ಬರೆಯುತ್ತಿದ್ದ ಕಲಾವಿದನೊಬ್ಬನದಂತೆ ಅದು. ಮೀನಿನ ಹೊಟ್ಟೆಗೆ ಬಾಗಿಲು, ಮಂಚಕ್ಕೆ ರೆಕ್ಕೆ. ತಂಡದವರು ಮೊದಲು ನಕ್ಕರು, ಆಮೇಲೆ ಆಕಳಿಸಿದರು. ಪಕ್ಕದ ತೋಟದವರು ಮಾತ್ರ ಒಂದು ಹೆಂಗಸಿನ ಚಿತ್ರದ ಮುಂದೆ ನಿಂತುಬಿಟ್ಟರು. ಅವಳ ಮುಖದಿಂದ ದ್ರಾಕ್ಷಿ ಬಳ್ಳಿ ಹೊರಟಿತ್ತು. ಎಲೆಗಳ ಮೇಲೆ, ದಾವಣಿ ಹತ್ತಿದಾಗ ಮೊದಲು ಕಾಣುವ ಹಾಗೆ, ಎಣ್ಣೆ ಬಿದ್ದಂಥ ಹಳದಿ ಕಲೆಗಳಿದ್ದವು. ನಾನು ನೋಡುತ್ತಿದ್ದಂತೆಯೇ ಅವರ ಕೈ ಮುಂದೆ ಹೋಗಿ, ಬರೆದ ಎಲೆಯ ಅಂಚನ್ನು ಮಗುಚಲು ತಡಕಾಡಿತು.

ಎಚ್ಚರಿಕೆಯ ಗಂಟೆ ಕಿರುಚಿಕೊಂಡಿತು. ಕಾವಲಿನವಳು ಓಡಿಬಂದು ನಮ್ಮಿಬ್ಬರನ್ನೂ ಹೊರಗೆ ಕಳಿಸಿದಳು.

ಅಂಗಳದ ಬೆಂಚಿನ ಮೇಲೆ ಅವರು ಎರಡೂ ಕೈಗಳನ್ನು ಬಗಲಲ್ಲಿ ಹುದುಗಿಸಿಕೊಂಡು, ಕಣ್ಣು ಮುಚ್ಚಿ ಕೂತರು.

“ಅದು ಚಿತ್ರ ಅಂತ ಗೊತ್ತಾಗ್ಲಿಲ್ಲೇನ್ರಿ?” ಎಂದೆ.

“ನನಗ ಗೊತ್ತೈತ್ರಿ” ಎಂದರು, ಕಣ್ಣು ತೆರೆಯದೆ. “ನಾವು ಪ್ರವಾಸಕ್ಕ ಬಂದೀವಿ ಅಂತ ಈ ಕೈಗೆ ಯಾರ ಹೇಳಬೇಕು?”