ಶ್ರೀಶೈಲನ ಕೊನೆಯ ಸಾಲು

ಶ್ರೀಶೈಲ ತಾನು ಮಾಡಿದ ಕೆಲಸವನ್ನು ಎರಡನೇ ಸಲ ನೋಡುವ ಮನುಷ್ಯನಲ್ಲ. ವಿಜಯಪುರದ ಕಡೆಯವನು, ವಯಸ್ಸು ನಲವತ್ತೆಂಟು. ಗೋರೆಗಾಂವ್‌ನ ಒಂದು ಆಫೀಸಿನಲ್ಲಿ ಇಪ್ಪತ್ತು ವರ್ಷದಿಂದ ಕಂಪ್ಯೂಟರ್‌ಗಳನ್ನು ನೋಡಿಕೊಳ್ಳುತ್ತಾನೆ. ಭಾನುವಾರಗಳಂದು ಮಾಟುಂಗದ ನಮ್ಮ ಕನ್ನಡ ಸಂಘಕ್ಕೆ ಬಂದು ಪುಕ್ಕಟೆ ಕೆಲಸ ಮಾಡುತ್ತಾನೆ. ಪುಕ್ಕಟೆ ಎಂಬುದನ್ನು ಪ್ರತಿ ಭಾನುವಾರ ನೆನಪಿಸುತ್ತಾನೆ. ಯಾರಾದರೂ ಪ್ರಶ್ನೆ ಕೇಳಿದರೆ ಅವರು ಎಷ್ಟು ಓದಿದ್ದಾರೆಂದು ವಿಚಾರಿಸುತ್ತಾನೆ. ಅವನನ್ನು ಕುರಿತು ಸಂಘದ ಸಂಚಿಕೆಗೆ ನಾಲ್ಕು ಒಳ್ಳೆಯ ಮಾತು ಬರೆದುಕೊಡಿ ಎಂದು ಕೇಳಿದ್ದಾರೆ. ನಾನು ನಡೆದದ್ದನ್ನು ಬರೆಯುತ್ತೇನೆ.

ಉತ್ತರ ಕರ್ನಾಟಕದಿಂದ ಬಂದು ಈ ಊರಿನ ಕಟ್ಟಡಗಳನ್ನು ಕಟ್ಟಿದವರ ಮಾತುಗಳನ್ನು ಸಂಘ ತೊಂಬತ್ತರ ದಶಕದಲ್ಲಿ ಕ್ಯಾಸೆಟ್‌ಗಳಲ್ಲಿ ದಾಖಲಿಸಿತ್ತು. ಒಟ್ಟು ಆರುನೂರ ಹನ್ನೆರಡು ಮಂದಿ. ಮಾತಾಡಿದವರ ಮನೆಗೂ ಒಂದೊಂದು ಪ್ರತಿ ಕೊಟ್ಟಿದ್ದೆವು. ಸಂಘದ ಪ್ರತಿಗಳು ಬೂಷ್ಟು ಹಿಡಿದು ಹಾಳಾದವು. ಅಷ್ಟರೊಳಗೆ ಒಂದು ಸಂಶೋಧನಾ ಸಂಸ್ಥೆ ಎಲ್ಲವನ್ನೂ ತನ್ನ ಸರ್ವರ್‌ಗೆ ಏರಿಸಿಕೊಂಡಿದ್ದರಿಂದ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಈ ವರ್ಷ ಆ ಸಂಸ್ಥೆಯ ಪತ್ರ ಬಂತು: ಜೂನ್ ಮೂವತ್ತರ ಸಂಜೆ ಆರು ಗಂಟೆಗೆ ಸರ್ವರ್ ಮುಚ್ಚುತ್ತೇವೆ, ಬೇಕಾದವರು ಇಳಿಸಿಕೊಳ್ಳಬಹುದು.

ಆರುನೂರ ಹನ್ನೆರಡರಲ್ಲಿ ದಾನಪ್ಪನದೂ ಒಂದು. ಗೋರೆಗಾಂವ್‌ನಲ್ಲಿ ಸೆಂಟ್ರಿಂಗ್ ಕೆಲಸ ಮಾಡುತ್ತಿದ್ದವನು, ತೀರಿಕೊಂಡು ಹದಿನೇಳು ವರ್ಷವಾಯಿತು. ಇಪ್ಪತ್ತಾರು ನಿಮಿಷದ ಆ ಧ್ವನಿಯ ಇನ್ನೊಂದು ಪ್ರತಿ ಇದ್ದದ್ದು ಅವನ ಹೆಂಡತಿ ಹನುಮವ್ವನ ಅಕ್ಕಿ ಡಬ್ಬಿಯಲ್ಲಿ, ಕ್ಯಾಸೆಟ್ಟಾಗಿ. ಅವಳಿದ್ದ ಹಳೆಯ ಚಾಳನ್ನು ಕೆಡವಿ ಹೊಸ ಬಿಲ್ಡಿಂಗ್ ಕಟ್ಟುವವರಿದ್ದರು. ಬಾಡಿಗೆಯ ಸಣ್ಣ ಖೋಲಿಗೆ ಹೋಗುವ ಮುನ್ನ ಸಾಮಾನು ಕಡಿಮೆ ಮಾಡುತ್ತಿದ್ದಳು. ಗಂಡನ ಮಾತು ಇಳಿದ ಕೂಡಲೇ ತನಗೆ ತಿಳಿಸಬೇಕೆಂದು ಶ್ರೀಶೈಲನಿಗೆ ಹೇಳಿದ್ದಳು.

ಇಳಿಸುವ ಕೆಲಸಕ್ಕೆ ಅವನು ಬಳಸಿದ್ದು ಕಪ್ಪು ಪರದೆಯ ಮೇಲೆ ಆಜ್ಞೆ ಬರೆದು ನಡೆಸುವ ಒಂದು ಉಪಕರಣ. ಪ್ರತಿ ಸಲ ಕೆಲಸ ಮುಗಿದಾಗ ಅದು ಒಂದು ಅಂಕಿಯನ್ನು ಬಿಟ್ಟು ಹೋಗುತ್ತದೆ. ಸೊನ್ನೆ ಎಂದರೆ ಸರಿಯಾಯಿತು, ನಾಲ್ಕು ಎಂದರೆ ಸಂಪರ್ಕ ಕಡಿಯಿತು, ಎಂಟು ಎಂದರೆ ಸರ್ವರ್ ಕೊಡಲಿಲ್ಲ. ಆರುನೂರ ಹನ್ನೆರಡು ಆಜ್ಞೆಗಳನ್ನು ಅವನು ಒಂದು ಸರಣಿಯಾಗಿ ಜೋಡಿಸಿದ. ಮಠದ ಪುರಾಣಗಳನ್ನು ನಕಲು ಮಾಡುತ್ತಿದ್ದ ಅವನ ಅಜ್ಜ ಪ್ರತಿಯೊಂದರ ಕೊನೆಗೂ ‘ಮಂಗಳ ಮಹಾ ಶ್ರೀ’ ಎಂದು ಬರೆಯುತ್ತಿದ್ದನಂತೆ. ಮೊಮ್ಮಗನೂ ತನ್ನ ಸರಣಿಯ ಕೊನೆಯ ಸಾಲಿನಲ್ಲಿ ಅದನ್ನೇ ಪರದೆಯ ಮೇಲೆ ಮೂಡಿಸುವ ಆಜ್ಞೆ ಬರೆದ. ಇದು ಅವನ ಇಪ್ಪತ್ತು ವರ್ಷದ ಅಭ್ಯಾಸ.

ಆದರೆ ಯಂತ್ರ ಇಡೀ ಸರಣಿಯ ಅಂಕಿಯೆಂದು ತೆಗೆದುಕೊಳ್ಳುವುದು ಕೊನೆಯ ಆಜ್ಞೆಯ ಅಂಕಿಯನ್ನು. ಮಂಗಳ ಮೂಡಿಸುವುದರಲ್ಲಿ ಸೋಲು ಎಂಬುದಿಲ್ಲ. ಮೇಲೆ ಎಷ್ಟು ಎಂಟುಗಳು ಬಂದರೂ ಕೊನೆಗೆ ಬರುವುದು ಸೊನ್ನೆ. ನಡುವೆ ಉಪಕರಣ ಹೇಳುವ ದೂರುಗಳು ಕಣ್ಣಿಗೆ ಕಿರಿಕಿರಿ ಎಂದು ಅವನ್ನೂ ಅವನು ಮುಚ್ಚಿಸಿದ್ದ. ಜೂನ್ ಎರಡನೇ ಭಾನುವಾರ ಮಧ್ಯಾಹ್ನ ಸೊನ್ನೆ ಬಂತು. ಸಮಿತಿಗೆ ‘ಸಂಪೂರ್ಣ’ ಎಂದು ಬರೆದು, ಹನುಮವ್ವನಿಗೆ ಫೋನ್ ಮಾಡಿದ. ಮರುದಿನ ಅವಳು ಹಳೆಯ ಟೇಪ್‌ರೆಕಾರ್ಡರನ್ನೂ ಕ್ಯಾಸೆಟ್ಟನ್ನೂ ಹಳೆ ಸಾಮಾನು ಕೊಳ್ಳುವ ಭಂಗಾರದವನಿಗೆ ಕೊಟ್ಟಳು.

ಎಂಟು ದಿನದ ಮೇಲೆ ಕಡತಗಳನ್ನು ತೆರೆದು ನೋಡಿದವಳು ಸಮಿತಿಯ ಭುವನೇಶ್ವರಿ. ಧಾರವಾಡದ ಮನೆತನ, ಹುಟ್ಟಿ ಬೆಳೆದದ್ದು ಸಾಂತಾಕ್ರೂಜ್, ಬ್ಯಾಂಕಿನಲ್ಲಿ ಕೆಲಸ. ಸಮಿತಿಯ ಸಭೆಯಲ್ಲಿ ಅವಳು ಲ್ಯಾಪ್‌ಟಾಪನ್ನು ಅವನ ಕಡೆ ತಿರುಗಿಸಿದಳು.

“ಶ್ರೀಶೈಲ್‌ಜಿ, ತೊಂಬತ್ತೇಳು ಫೈಲ್ ಜೀರೋ ಸೈಜ್ ಇದೆ. ನಾಮ್ ಹೈ, ಅಂದರ್ ಕುಛ್ ನಹೀ.”

“ಬ್ಯಾಂಕಿನ್ಯಾಗ ಇದನ್ನೂ ಕಲಿಸ್ತಾರೇನ್ರಿ? ನನಗ ಸೊನ್ನಿ ಬಂದೈತಿ. ಸೊನ್ನಿ ಅಂದ್ರ ಪಾಸ್.”

“ಹಾಗಾದ್ರೆ ಒಂದು ಪ್ಲೇ ಮಾಡಿ ತೋರಿಸಿ.”

ಅವನು ಒಂದನ್ನು ಒತ್ತಿದ. ಸದ್ದಿಲ್ಲ. ಸ್ಪೀಕರಿನ ವೈರನ್ನು ಕಿತ್ತು ಮತ್ತೆ ಚುಚ್ಚಿದ. ಸ್ಪೀಕರ್ ಸಂಘದ್ದು, ಹಳೆಯದು ಎಂದ. ಭುವನೇಶ್ವರಿ ಪಕ್ಕದ ಕಡತವನ್ನು ಒತ್ತಿದಳು. ಯಾರೋ ಮುದುಕ ಅದೇ ಸ್ಪೀಕರಿನಲ್ಲಿ ಜೋರಾಗಿ ಕೆಮ್ಮಿದ. ಆಮೇಲೆ ಅವಳು ಖಾಲಿ ಕಡತವೊಂದರ ಆಜ್ಞೆಯನ್ನು ಮಾತ್ರ, ಮಂಗಳದ ಸಾಲಿಲ್ಲದೆ ನಡೆಸಿದಳು. ಎಂಟು ಬಂತು. ಮುಚ್ಚುತ್ತದೆಂದು ತಿಳಿದು ಎಲ್ಲ ಕಡೆಯವರೂ ಒಮ್ಮೆಗೇ ಇಳಿಸತೊಡಗಿದ್ದರು. ಸರ್ವರ್ ಕೇಳಿದವರಿಗೆಲ್ಲ ಕೊಡುವ ಸ್ಥಿತಿಯಲ್ಲಿರಲಿಲ್ಲ. ಉಪಕರಣ ಇದನ್ನು ತೊಂಬತ್ತೇಳು ಸಲ ಹೇಳಿತ್ತು. ಕೇಳುವ ಏರ್ಪಾಟೇ ಇರಲಿಲ್ಲ.

ಖಾಲಿ ಕಡತಗಳ ಪಟ್ಟಿಯನ್ನು ಓದಿದೆವು. ಅದರಲ್ಲಿ ದಾನಪ್ಪನ ಹೆಸರಿತ್ತು. ಶ್ರೀಶೈಲ ಸರ್ವರನ್ನು ಬೈದ, ಸಂಸ್ಥೆಯನ್ನು ಬೈದ, ಪುಕ್ಕಟೆ ದುಡಿಯುವವನಿಗೆ ಸಿಗುವ ಮರ್ಯಾದೆ ಇಷ್ಟೇ ಎಂದ. ಹನುಮವ್ವನಿಗೆ ನೀನೇ ಹೇಳು ಎಂದೆ. ಅವನು ಹೊರಗೆ ಮೆಟ್ಟಿಲ ಮೇಲೆ ನಿಂತು ಫೋನ್ ಮಾಡಿ ಬಂದ.

ಸರಣಿಯನ್ನು ಅವನೇ ತಿದ್ದಿದ, ಭುವನೇಶ್ವರಿ ಸಾಲು ಸಾಲಾಗಿ ಓದಿದಳು. ಈಗ ಪ್ರತಿ ಅಂಕಿಯನ್ನೂ ನೋಡಿ, ಸೊನ್ನೆಯಲ್ಲದಿದ್ದರೆ ಹತ್ತು ನಿಮಿಷ ಕಾದು ಮತ್ತೆ ಕೇಳಬೇಕು. ಮೂರು ಸಲ ಸೋತರೆ ಹೆಸರನ್ನು ಬೇರೆ ಪಟ್ಟಿಗೆ ಬರೆಯಬೇಕು. ಆ ಪಟ್ಟಿ ಖಾಲಿಯಿದ್ದರೆ ಮಾತ್ರ ಮಂಗಳ. ದಿನಾ ನಡೆಸಿದರು. ಕೊನೆಯ ದಿನದ ಹೊತ್ತಿಗೆ ತೊಂಬತ್ತಾರು ಬಂದಿದ್ದವು. ಉಳಿದದ್ದು ದಾನಪ್ಪ.

ಜೂನ್ ಮೂವತ್ತರಂದು ಹನುಮವ್ವ ಲೋಕಲ್ ರೈಲು ಹಿಡಿದು ಮಾಟುಂಗಕ್ಕೆ ಬಂದಳು. ಚಹಾ ಬೇಡವೆಂದಳು. ಶ್ರೀಶೈಲನ ಬೆನ್ನ ಹಿಂದೆ ಕುರ್ಚಿ ಎಳೆದುಕೊಂಡು ಕುಳಿತಳು.

“ಆತು ಅಂತ ಫೋನ್ ಮಾಡಿದಾಂವ ನೀನ ಅಲ್ಲ?”

“ಹೂಂ, ಯವ್ವಾ.”

“ಕೇಳಿ ನೋಡಿದ್ದೇನು?”

“ಇಲ್ಲ.”

“ನಾ ಏನ್ ಶಾಲಿ ಕಲಿತಾಕಿ ಅಲ್ಲ. ಆದರ ಡಬ್ಬಿ ಮುಚ್ಚೂಮುಂದ ಒಳಗ ಅಕ್ಕಿ ಐತೋ ಇಲ್ಲೋ ನೋಡ್ತೀನಿ.”

ಅವನು ಅವಳ ಓದು ಎಷ್ಟೆಂದು ಕೇಳಲಿಲ್ಲ. ಮೂರು ಗಂಟೆಗೆ ಎಂಟು, ನಾಲ್ಕಕ್ಕೆ ಎಂಟು, ಐದಕ್ಕೂ ಎಂಟು. ಐದೂಮುಕ್ಕಾಲಿಗೆ ಕಡತ ಇಳಿಯಲು ಆರಂಭವಾಯಿತು, ಬಹಳ ನಿಧಾನವಾಗಿ. ಆರಕ್ಕೆ ನಿಂತಿತು. ನಾಲ್ಕು ಬಂತು. ಇನ್ನೊಮ್ಮೆ ಕೇಳಿದಾಗ ಸರ್ವರ್ ಅಲ್ಲಿರಲೇ ಇಲ್ಲ.

ಸಿಕ್ಕಿದ್ದು ಹನ್ನೊಂದು ನಿಮಿಷ. ದಾನಪ್ಪ ತನ್ನ ಜೊತೆ ರೈಲು ಹತ್ತಿದ ಹದಿನಾಲ್ಕು ಮಂದಿಯ ಹೆಸರು ಹೇಳುತ್ತಿದ್ದ. ಗಾರೆ ಕೆಲಸದ ಆರನೆಯವನ ಹೆಸರು ಹೇಳಿ ‘ಅಂವ ಒಳ್ಳೆ ಗವಂಡಿ, ಆದರ’ ಎನ್ನುವಲ್ಲಿ ಧ್ವನಿ ನಿಂತಿತು. ಹನುಮವ್ವ ಕೊನೆಯವರೆಗೆ ಕೇಳಿದಳು, ಮತ್ತೆ ಹಾಕು ಎನ್ನಲಿಲ್ಲ.

ಶ್ರೀಶೈಲ ಸಂಘದ ರಿಜಿಸ್ಟರ್ ತೆಗೆದು ದಾನಪ್ಪನ ಹೆಸರಿನ ಮುಂದೆ ಪೆನ್ನು ಹಿಡಿದು ಕುಳಿತಿದ್ದ. ಪರದೆಯಲ್ಲಿ ಸೋತವರ ಪಟ್ಟಿಯ ಒಂದೇ ಹೆಸರು, ಅದರ ಮುಂದೆ ನಾಲ್ಕು. ಕೆಳಗೆ ಮಂಗಳ ಮೂಡಿರಲಿಲ್ಲ.

“ಅರ್ಧಾ ಅಂತ ಬರಿ,” ಎಂದಳು ಹನುಮವ್ವ. “ನಿನ್ನ ಕೈಯಿಂದ ಅರ್ಧಾ ಆತು ಅಂತನೂ ಬರಿ.”

ಬರೆದ. ಅವಳು ಚೀಲದಿಂದ ಕನ್ನಡಕ ತೆಗೆದು ಹಾಕಿಕೊಂಡು, ಬರೆದದ್ದನ್ನು ಭುವನೇಶ್ವರಿಯಿಂದ ಓದಿಸಿ, ಅಕ್ಷರಗಳು ಸರಿಯಾಗಿವೆಯೇ ಎಂದು ನನ್ನನ್ನು ಕೇಳಿ, ಸ್ಟೇಷನ್ನಿಗೆ ಹೊರಟಳು. ಬಿಡಲು ಬರುತ್ತೇನೆಂದು ಎದ್ದ ಶ್ರೀಶೈಲನಿಗೆ ಕುಂಡ್ರು ಎಂದಳು.