ಕಿಟಕಿಯ ಸಕ್ಕರೆ, ಟೀವಿಯ ಇರುವೆ

ನಮ್ಮ ಅಡುಗೆಮನೆಯ ಕಿಟಕಿಯ ಹೊರಕಟ್ಟೆಯ ಮೇಲೆ ದಿನವೂ ಬೆಳಿಗ್ಗೆ ಒಂದು ಚಿಟಿಕೆ ಸಕ್ಕರೆ ಇರುತ್ತದೆ. ಇಡುವವನು ನಾನು, ನೋಡಿಯೂ ನೋಡದ ಹಾಗೆ ಇರುವವಳು ನನ್ನ ಹೆಂಡತಿ. ಜೋಗುಪಾಳ್ಯದ ಉಳಿದ ಮನೆಗಳಲ್ಲಿ ಇರುವೆ ಒಳಗೆ ಬಾರದಿರಲೆಂದು ಮದ್ದಿನ ಸೀಮೆಸುಣ್ಣದಿಂದ ಗೆರೆ ಎಳೆಯುತ್ತಿರುವ ಹೊತ್ತಿನಲ್ಲಿ, ಒಬ್ಬ ನಿವೃತ್ತ ಮನುಷ್ಯ ಅವುಗಳನ್ನು ಕರೆದು ಬಡಿಸುತ್ತಿದ್ದಾನೆಂದರೆ, ಸ್ನೇಹಿತರೇ, ಅವನಿಗೆ ವಯಸ್ಸಾಯಿತೆಂದು ನೀವೂ ತಿಳಿಯುತ್ತೀರಿ. ವಯಸ್ಸಾಗಿರುವುದು ನಿಜ. ಸಕ್ಕರೆಗೆ ಕಾರಣ ಮಾತ್ರ ಅದಲ್ಲ.

ಪತ್ರಿಕೆಯೊಂದರ ಸುದ್ದಿಮೇಜಿನಲ್ಲಿ ಬಹುಕಾಲ ದುಡಿದು ಮನೆಗೆ ಬಂದ ಮೇಲೆ, ತಿದ್ದಲು ಬೇರೆಯವರ ವರದಿಗಳಿಲ್ಲದ ಬೆಳಗುಗಳು ತೀರ ಉದ್ದವೆನಿಸತೊಡಗಿದವು. ಆಗ ಮೊಬೈಲಿನಲ್ಲಿ ಸಿಕ್ಕಿದ್ದು ‘ಕಿಟಕಿ ಇರುವೆ ಬಳಗ’. ಊರೂರಿನ ಜನ ತಮ್ಮ ತಮ್ಮ ಕಿಟಕಿಯ ಇರುವೆಗಳನ್ನು ನೋಡಿ, ನೋಡಿದ್ದನ್ನು ಅಲ್ಲಿ ಬರೆಯುತ್ತಾರೆ, ಅಷ್ಟೆ. ಸಕ್ಕರೆಗೆ ಯಾವುದು ಬಂತು, ಮೀನಿನ ಚೂರಿಗೆ ಯಾವುದು ಬಂತು, ಕಪ್ಪಿರುವೆ ಬಂದಾಗ ಕೆಂಪಿರುವೆ ಜಾಗ ಬಿಟ್ಟುಕೊಟ್ಟಿತೇ, ಇಂಥ ಸಂಗತಿಗಳು. ಆದರೆ ಬಳಗಕ್ಕೊಂದು ಕಟ್ಟುನಿಟ್ಟಿನ ಪದ್ಧತಿಯಿದೆ. ಕಂಡದ್ದನ್ನೆಲ್ಲ ಬರೆದಾದ ಮೇಲೆ, ಕೊನೆಯಲ್ಲಿ ‘ಕಾಣದ್ದು’ ಎಂದು ಒಂದು ಸಾಲು ಬರೆಯಲೇಬೇಕು. ಸಾಲುಗಟ್ಟಿದ ಇರುವೆಗಳು ಗೋಡೆಯ ಬಿರುಕಿನೊಳಗೆ ಹೋದವು. ಕಾಣದ್ದು: ಅಲ್ಲಿ ಗೂಡಿದೆಯೋ ಇಲ್ಲವೋ. ಬರೆಯಲು ಮರೆತರೆ ಯಾರಾದರೂ ಮೆಲ್ಲಗೆ ‘ಕಾಣದ್ದೇನು?’ ಎಂದು ಕೇಳುತ್ತಾರೆ. ನಮ್ಮ ಸುದ್ದಿಮೇಜಿನಲ್ಲಿ ಪ್ರತಿ ವರದಿಗೂ ಹೀಗೆ ಕೇಳಿದ್ದರೆ ಬೆಳಗಿನ ಪತ್ರಿಕೆ ಮಧ್ಯಾಹ್ನದ ಊಟದ ಹೊತ್ತಿಗೆ ಮನೆ ಸೇರುತ್ತಿತ್ತು.

ಈ ಸಾಲನ್ನು ಎಂದೂ ತಪ್ಪಿಸದವರು ಶಮೀಮ್ ಆಪಾ. ಶಿವಾಜಿನಗರದ ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ ಅವರ ಮನೆ. ಕೆಳಗೆ ಯಜಮಾನರ ಬಟ್ಟೆ ಅಂಗಡಿ, ನಡುವಿನ ಮಹಡಿಯಲ್ಲಿ ಅವರು, ಮೇಲೆ ಹಳೆಯ ಗೆಳತಿ ಜುಬೇದಾಳ ಸಂಸಾರ. ಈ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಅವರ ಕಿಟಕಿಯ ಕೆಳಗಿನ ಬಿರುಕಿನಿಂದ ಇರುವೆಗಳು ಬಿಳಿಯ ಮೊಟ್ಟೆಗಳನ್ನು ಹೊತ್ತು ಚೌಕಟ್ಟಿನ ತುದಿಗೆ ಹೊರಟವು. ಸಂಜೆಗೆ ದಪ್ಪ ಹನಿಯ ಮಳೆ. ಆಪಾ ಇಷ್ಟನ್ನೂ ಬರೆದು ಕೆಳಗೆ ಸೇರಿಸಿದರು: ‘ಕಾಣದ್ದು: ಅವು ಹೊರಟದ್ದು ಬರಲಿದ್ದ ಮಳೆಗೋ, ಮೇಲಿನ ಮನೆಯವರು ಬಟ್ಟೆ ಒಗೆದ ನೀರು ಬಿರುಕಿಗೆ ಇಳಿದದ್ದಕ್ಕೋ.’

ಬಳಗದ ಬಗ್ಗೆ ಮೊದಲು ಒಂದು ಪತ್ರಿಕೆಯ ಭಾನುವಾರದ ಪುರವಣಿ ಬರೆಯಿತು. ಅದರ ಬೆನ್ನಿಗೆ ಟೀವಿಯವರು ಆಪಾ ಮನೆಯ ಮೆಟ್ಟಿಲು ಹತ್ತಿದರು. ‘ಮಳೆ ಹೇಳುವ ಶಿವಾಜಿನಗರದ ಇರುವೆಗಳು!’ ಎಂದು ಪರದೆಯಲ್ಲಿ ಮೂಡಿದ ಅಕ್ಷರಗಳ ಮೇಲ್ಗಡೆ ಆಪಾ ನಗುತ್ತಿದ್ದರು, ಅವರು ಅಂದು ಮೊಬೈಲಿನಲ್ಲಿ ಹಿಡಿದಿದ್ದ ಇರುವೆಗಳು ಮೊಟ್ಟೆ ಹೊತ್ತು ಹೋಗುತ್ತಿದ್ದವು, ಎಲ್ಲಿಂದಲೋ ತಂದ ಗುಡುಗಿನ ಸದ್ದು ಕೇಳುತ್ತಿತ್ತು. ಕೊನೆಯ ಸಾಲು ಮಾತ್ರ ಇರಲಿಲ್ಲ. ಬಳಗಕ್ಕೆ ಹೊಸಬರು ನುಗ್ಗಿದರು. ನಮ್ಮ ಏರಿಯಾಕ್ಕೆ ಮಳೆ ಯಾವಾಗ ಎಂದು ಕೇಳುವವರೇ ಹೆಚ್ಚು, ‘ಕಾಣದ್ದೇನು?’ ಎಂಬ ಮೆಲುದನಿ ಆ ಸಂತೆಯಲ್ಲಿ ಯಾರಿಗೂ ಕೇಳಿಸಲಿಲ್ಲ.

ಆಪಾ ಫೋನ್ ಮಾಡಿದರು. ನಾನು ಬಸ್ಸು ಹಿಡಿದು ಹೋದೆ. ಚಹಾ ಕೊಟ್ಟು, ತಾವು ಕುಡಿಯದೆ ಕೂತರು.

“ಬಳಗ ಬಿಟ್ಬಿಡ್ತೀನಿ ಸಾರ್.”

ಜುಬೇದಾಳ ಮಗಳ ನಿಶ್ಚಿತಾರ್ಥ ಬರುವ ಭಾನುವಾರ, ಮೇಲಿನ ತಾರಸಿಯಲ್ಲಿ. ಬರೀ ಶಾಮಿಯಾನ ಸಾಕೇ, ತಗಡಿನ ಚಪ್ಪರ ಹಾಕಿಸಬೇಕೇ ಎಂದು ಇರುವೆಗಳನ್ನು ಕೇಳಿ ಹೇಳೆಂದು ಗೆಳತಿ ಬಂದಿದ್ದಳಂತೆ. ಗೊತ್ತಿಲ್ಲವೆಂದರೆ ನಂಬಲಿಲ್ಲ.

“‘ಟೀವಿಗೆ ಹೇಳ್ತೀಯ, ನಂಗ್ ಹೇಳಲ್ವಾ? ದೊಡ್ಡವಳಾಗ್ಬಿಟ್ಟೆ ಬಿಡೇ’ ಅಂದ್ಬಿಟ್ಳು ಸಾರ್. ಚಿಕ್ಕೋರಿದ್ದಾಗಿಂದ ಜೊತೇಲಿರೋಳು. ಈಗ ಎದುರು ಸಿಕ್ಕಿದ್ರೆ ಮುಖ ತಿರುಗಿಸ್ತಾಳೆ.”

“ಆ ಕೊನೇ ಸಾಲು ಅವರಿಗೆ ಓದಿ ಹೇಳಿ, ಆಪಾ.”

“ಹೆಂಗ್ ಹೇಳ್ಲಿ? ನಿಮ್ಮನೆ ನೀರು ನನ್ನ ಗೋಡೆಗೆ ಇಳೀತಿದೆ ಅಂತಾನಾ, ನಿಶ್ಚಿತಾರ್ಥದ ವಾರದಲ್ಲಿ? ಬೇಕೂಂತ ಜಗಳಕ್ಕೆ ಬಂದ್ಳು ಅಂದ್ಕೋತಾಳೆ.”

ನಾನು ಕಿಟಕಿ ನೋಡಿದೆ. ಗೋಡೆಯ ಮೇಲೆ ತೇವದ ನಕ್ಷೆಯೊಂದು ಹಳತಾಗಿ ಹಬ್ಬಿತ್ತು. ಅಪರಿಚಿತರ ಮುಂದೆ ಬರೆಯಲು ಬಂದ ಸಾಲನ್ನು ಗೆಳತಿಯ ಮುಂದೆ ನುಡಿಯಲು ಬಾರದೆ, ಅದೆಷ್ಟು ದಿನ ಈ ಗೋಡೆಯನ್ನು ನೋಡುತ್ತಾ ಕೂತಿದ್ದರೋ. ನಾವೆಲ್ಲರೂ ಹತ್ತಿರದವರೊಡನೆ ಹಾಗೆಯೇ ಬದುಕುತ್ತೇವೆ, ಒಂದು ಸಾಲನ್ನು ಕಡೆಗಿರಲಿ ಎಂದು ಮುಂದೂಡುತ್ತಾ.

“ಟೀವಿ ಹುಡುಗಿ ನಾಳೆ ಮತ್ತೆ ಬರ್ತಾಳೆ,” ಅಂದರು ಆಪಾ. “ಒಳ್ಳೇ ಹುಡುಗಿ ಸಾರ್. ಎಲ್ಲಾ ಹೇಳಿದ್ದೆ ಅವಳಿಗೆ. ಕೊನೇ ಮಾತು ಎಲ್ಲೋಯ್ತು?”

ಇದಕ್ಕೆ ಉತ್ತರ ನನ್ನ ಕಸುಬಿನಲ್ಲಿತ್ತು, ಬಿಡಿಸಿ ಹೇಳಿದೆ. ಸುದ್ದಿಯಲ್ಲಿ ಮುಖ್ಯವಾದದ್ದು ಮೇಲೆ, ಉಳಿದದ್ದು ಕೆಳಗೆ. ಜಾಗ ಸಾಲದಿದ್ದರೆ ಕತ್ತರಿ ಬೀಳುವುದು ಬುಡದಿಂದ. ಹಾಗೆ ಕತ್ತರಿಸುವವರಿಗೆ ದ್ವೇಷವಿಲ್ಲ, ಗಡಿಯಾರವಿದೆ ಅಷ್ಟೆ. ಬಳಗದವರು ತಮ್ಮ ಅತ್ಯಂತ ಜೋಪಾನದ ಮಾತನ್ನು ಸರಿಯಾಗಿ ಕತ್ತರಿ ಬೀಳುವ ಜಾಗದಲ್ಲೇ ಇಟ್ಟುಕೊಂಡಿದ್ದರು.

ಆಪಾ ಆರಿದ ಚಹಾ ಎತ್ತಿಕೊಂಡರು. “ಹಂಗಾದ್ರೆ ಅದನ್ನೇ ಮೊದ್ಲು ಹೇಳ್ಬಿಟ್ರೆ?”

ಮರುದಿನ ಬೆಳಿಗ್ಗೆ ನಾನೂ ಅಲ್ಲಿದ್ದೆ. ಕ್ಯಾಮೆರಾ ಬಂದ ಸುದ್ದಿಗೆ ಜುಬೇದಾ ಕೆಳಗಿಳಿದು, ಒಳಗೆ ಬರದೆ, ಕೈಕಟ್ಟಿ ಹೊಸ್ತಿಲಲ್ಲೇ ನಿಂತಳು. ವರದಿಗಾರ್ತಿ ಮೈಕು ಚಾಚಿದಳು.

“ಮೇಡಂ, ಈ ವಾರ ನಿಮ್ಮ ಇರುವೆಗಳು ಏನು ಹೇಳ್ತಿವೆ?”

“ಕಾಣದ್ದು ಮೊದ್ಲು ಹೇಳ್ತೀನಿ ಬೇಟಾ.” ಆಪಾ ಕ್ಯಾಮೆರಾ ಬಿಟ್ಟು ಹೊಸ್ತಿಲಿನ ಕಡೆ ನೋಡಿದರು. “ಅವತ್ತು ಅವು ಮಳೆಗೆ ಹೊರಟ್ವೋ, ಮೇಲಿಂದ ಇಳಿದ ನೀರಿಗೆ ಹೊರಟ್ವೋ, ನಾನು ನೋಡಿಲ್ಲ. ಅದಕ್ಕೇ ಭಾನುವಾರದ್ದು ನಂಗೆ ಗೊತ್ತಿಲ್ಲ.”

“ನಮ್ ನೀರಾ?” ಜುಬೇದಾ ಹೊಸ್ತಿಲು ದಾಟಿದಳು. ಕ್ಯಾಮೆರಾದ ಮುಂದೆಯೇ ಹಾದು ಹೋಗಿ, ಕಿಟಕಿಯ ಕೆಳಗೆ ಬಗ್ಗಿ, ಬಿರುಕಿಗೆ ಬೆರಳಿಟ್ಟು ನೋಡಿದಳು. “ಹಾಯ್ ಅಲ್ಲಾ, ಎಷ್ಟು ದಿನದಿಂದ? ಇರುವೆಗೆ ಗೊತ್ತು, ಟೀವಿಗೆ ಗೊತ್ತು, ನಂಗೊಬ್ಬಳಿಗೆ ಗೊತ್ತಿಲ್ಲ!”

“ಹೇಳೋಕೆ ಬಾಯಿ ಬರ್ಲಿಲ್ಲ ಕಣೇ.”

“ಬರೋದಿಲ್ಲ ನಿಂಗೆ, ಸ್ಕೂಲಲ್ಲೂ ಹಂಗೇ.” ಜುಬೇದಾ ಒದ್ದೆ ಬೆರಳನ್ನು ಆಪಾ ಅವರ ದುಪಟ್ಟಾಕ್ಕೇ ಒರೆಸಿದಳು. “ತಗಡೇ ಹಾಕಿಸ್ತೀನಿ ಬಿಡು. ನಿನ್ನ ಇರುವೆ ನಂಬ್ಕೊಂಡ್ರೆ ನನ್ನ ಬೀಗರು ನೆಂದೋಗ್ತಾರೆ.”

ವಾರ್ತೆಯ ಕೊನೆಯಲ್ಲಿ, ಗುಡುಗಿನ ಸದ್ದಿಲ್ಲದೆ, ಚಿಕ್ಕದಾಗಿ ಅದು ಪ್ರಸಾರವಾಯಿತು. ಆಪಾ ಅವರ ಮೊದಲ ಮಾತು ಹೇಗಿತ್ತೋ ಹಾಗೆಯೇ ಇತ್ತು. ಮಳೆ ಕೇಳಲು ಬಂದಿದ್ದವರು ಬೇಸತ್ತು ಬಳಗ ಬಿಟ್ಟರು. ಕೆಲವರು ಉಳಿದು, ಸಕ್ಕರೆ ಇಟ್ಟು, ನೋಡುವುದನ್ನು ಕಲಿಯುತ್ತಿದ್ದಾರೆ. ಆಪಾ ಬಳಗ ಬಿಡಲಿಲ್ಲ. ನಿಶ್ಚಿತಾರ್ಥ ಮುಗಿದು ಜುಬೇದಾ ಮೋರಿ ರಿಪೇರಿ ಮಾಡಿಸಿದ್ದಾಳೆ, ಗೋಡೆ ಒಣಗುತ್ತಿದೆ. ಇನ್ನು ಮುಂದೆ ಇರುವೆಗಳು ಮೊಟ್ಟೆ ಹೊತ್ತು ಹೊರಟರೆ ಮೇಲಿನ ನೀರನ್ನು ದೂರುವಂತಿಲ್ಲವೆಂದು ಗೆಳತಿಯರಿಬ್ಬರೂ ಆ ಕಿಟಕಿಯಲ್ಲಿ ಕಾಯುತ್ತಾರಂತೆ.

ಬಳಗದ ಪದ್ಧತಿ ಈಗ ಬದಲಾಗಿದೆ. ಇವತ್ತು ಬೆಳಿಗ್ಗೆ ಜೋಗುಪಾಳ್ಯದಿಂದ ನಾನು ಬರೆದದ್ದು ಇಷ್ಟು. ಕಾಣದ್ದು: ಕಾಫಿ ಸೋಸಲು ನಾನು ಒಲೆಯ ಕಡೆ ತಿರುಗಿದಾಗ ಕಿಟಕಿಗೆ ಯಾರು ಬಂದು ಹೋದರು ಎಂಬುದು. ಕಂಡದ್ದು: ಸಕ್ಕರೆ ಇಲ್ಲ.